ಬಂಗಿಗೆ ಇಲ್ಲದ ಅವಸರ ಮಂದಿಗೆ

ಕೆನ್ನೆಯ ಮೇಲೆ ಕಪ್ಪು ಕಲೆಯಾಗಿ ಬಂಗು ಬಿದ್ದವಳಿಗೆ ಊರಲ್ಲಿ ಉಪದೇಶಕ್ಕೆ ಬರವಿಲ್ಲ. ನನಗಂತೂ ವಾರಕ್ಕೊಂದು ಪ್ರಸಂಗ ಗ್ಯಾರಂಟಿ. ನಾನು ವಾಡಿಯಲ್ಲಿದ್ದು ಚಿತ್ತಾಪುರದ ಶಾಲೆಗೆ ಹೋಗಿಬರುವ ಟೀಚರ್. ಯಾರೋ ಕೊಟ್ಟ ಜೋರು ಕ್ರೀಮ್ ಮುಖ ಸುಟ್ಟು, ಕಲೆಯನ್ನು ಇನ್ನಷ್ಟು ಕಪ್ಪು ಮಾಡಿತ್ತು. ಕಲಬುರಗಿಯ ಚರ್ಮದ ಡಾಕ್ಟರು ಜ್ಯೇಷ್ಠಮಧುವಿನ ಸತ್ವ ಇರುವ ಸೌಮ್ಯ ಕ್ರೀಮ್ ಬರೆದುಕೊಟ್ಟು, "ತಿಂಗಳುಗಟ್ಟಲೆ ಹಿಡೀತದ. ಬಿಸಿಲಿಗಿ ಸನ್‌ಸ್ಕ್ರೀನ್ ಹಚ್ಚಲಿಲ್ಲಂದ್ರ ಇದೂ ದಂಡ" ಎಂದರು. ಸುಡದೆ, ಸುಲಿಯದೆ ಈ ಬಂಗು ಹೋಗಲೇಬೇಕು ಎಂದು ಹಟ ಹಿಡಿದೆ. ನನ್ನ ಅತ್ತೆ ಮಾತ್ರ, "ಬೆಣ್ಣಿ ಸವರಿದಂಗ ಸವರಿದ್ರ ಏನಾಗ್ತದ?" ಎಂದು ಮೂಗು ಮುರಿದರು.

ಪಾಳಿ

ವಾಡಿಯಲ್ಲಿ ಮುಖ ಬೆಳ್ಳಗಿದ್ದರೆ ಅದಕ್ಕೆ ಒಂದೇ ಕಾರಣ, ಸಿಮೆಂಟು ಫ್ಯಾಕ್ಟರಿಯ ಧೂಳು. ಮೊದಲ ದಿನ ಸನ್‌ಸ್ಕ್ರೀನ್ ದಪ್ಪಗೆ ಬಳಿದುಕೊಂಡು ಆಟೋ ಹತ್ತಿದೆ. ಆಟೋದವನು ಮರುಗಿದ.

"ರಾತ್ರಿ ಪಾಳಿ ಮುಗೀತೇನ್ರಿ ಅಕ್ಕೋರ?"

"ಇಲ್ಲಪ್ಪ, ಸಾಲಿಗಿ ಹೊಂಟೀನಿ."

"ಹಗಲು ಸಾಲಿ, ರಾತ್ರಿ ಫ್ಯಾಕ್ಟರಿ! ಭಾಳ ಕಷ್ಟ ಅದ ಬಿಡ್ರಿ. ಮಕ್ಕೊಳ್ರಿ, ಚಿತ್ತಾಪುರ ಬಂದಾಗ ಎಬ್ಬಿಸ್ತೀನಿ."

ಪಾಲಿಶ್

ಶಹಾಬಾದಿನಲ್ಲಿರುವ ನನ್ನ ಅಕ್ಕನ ಗಂಡನದು ನೆಲಕ್ಕೆ ಹಾಸುವ ಪರಸಿಕಲ್ಲಿಗೆ ಪಾಲಿಶ್ ಮಾಡುವ ಕೆಲಸ. ನಾನು ಬೆರಳ ತುದಿಯಿಂದ ಮೆಲ್ಲಗೆ ಕ್ರೀಮ್ ಹಚ್ಚುವುದನ್ನು ನೋಡಿ ಅವರ ಕೈ ತುರಿಸತೊಡಗಿತು.

"ಕಲಿ ಹಿಂಗ ಹೋಗ್ತದೇನು? ನೀರ ಹಾಕಿ ಗಸಗಸ ತಿಕ್ಕಬೇಕು!"

"ಮಾಮಾ, ತಿಕ್ಕಿದ್ರ ಬಂಗು ಜಾಸ್ತಿ ಆಗ್ತದ್ರಿ."

"ನನಗ ಹೇಳ್ತಿ? ಬುದ್ಧಿ ಬಂದಾಗಿಂದ ತಿಕ್ಕಾಕತ್ತೀನಿ ನಾ."

ಒಳಗಿನಿಂದ ಅಕ್ಕನ ದನಿ ಬಂತು: "ಹೂಂ, ಅದಕ್ಕ ತೆಲಿ ಮ್ಯಾಲ ಒಂದು ಕೂದಲ ಉಳಿದಿಲ್ಲ."

ಸೇಡಂನ ಟ್ಯೂಬು

ಕೆಲಸದ ಮೇಲೆ ಸೇಡಂಗೆ ಹೋಗಿದ್ದಾಗ ಕ್ರೀಮ್ ಮುಗಿಯಿತು. ಮೆಡಿಕಲ್ ಅಂಗಡಿಯವರು ಬೇರೆಯದೇ ಟ್ಯೂಬ್ ಮುಂದಿಟ್ಟರು. "ನೀವು ಕೇಳೂದು ಭಾಳ ಸಾವಕಾಶರಿ. ಇದನ್ನ ಒಯ್ರಿ, ನಾಕೇ ದಿನದಾಗ ಮಾರಿ ಫಳಫಳ!"

ನನ್ನ ಮುಖ ಸುಟ್ಟದ್ದು ಅದೇ ಟ್ಯೂಬು. ಸಿಟ್ಟು ನೆತ್ತಿಗೇರಿತು. ಪಕ್ಕದಲ್ಲಿ ಕುಳಿತಿದ್ದ ಅವರ ಹೆಂಡತಿಯ ಗಲ್ಲದಲ್ಲೂ ಬಂಗು ಕಂಡಿತು. "ಮನಿಯವ್ರಿಗಿ ಯಾಕ ಕೊಟ್ಟಿಲ್ರಿ?" ಎಂದೆ.

ಅವರು ದನಿ ತಗ್ಗಿಸಿದರು. "ಹೆಚ್ಚು ಕಮ್ಮಿ ಆದ್ರ ನಾ ಸಂಜೀಕ ಮನಿಗಿ ಹೋಗೂದು ಬ್ಯಾಡೇನ್ರಿ?"

ಬಿಟ್ಟ ಸಾಲು

ತಿಂಗಳುಗಳು ಕಳೆದವು. ದಿನಾ ನೋಡುವ ಕನ್ನಡಿಯಲ್ಲಿ ಬಂಗು ಇದ್ದ ಹಾಗೇ ಇತ್ತು, ಕ್ರೀಮ್ ಮಾತ್ರ ಬೇಗ ಬೇಗ ಖಾಲಿಯಾಗುತ್ತಿತ್ತು. ಇನ್ನು ಸಾಕು ಎನ್ನುವಷ್ಟು ಬೇಜಾರಾಯಿತು. ಆಗಲೇ ಒಂದು ಬೆಳಿಗ್ಗೆ, ಬಾಗಿಲಲ್ಲಿ ಕುಳಿತು ಬೇಳೆ ಆರಿಸುತ್ತಿದ್ದ ಅತ್ತೆಯ ಮುಖ ಕಂಡಿತು. ಎಡಗಲ್ಲದ ತುಂಬ ಹಳೆಯ ಬಂಗು. ಅಷ್ಟೇ ಬಂಗಿದ್ದ ಬಲಗಲ್ಲ ಈಗ ತಿಳಿ!

"ಅತ್ತಿ, ನನ್ನ ಕ್ರೀಮ್ ಹಚ್ಚಾಕತ್ತೀರೇನ್ರಿ?"

"ಹೂಂ. ಒಂದೇ ಗಲ್ಲಕ್ಕ."

"ಒಂದಕ್ಕ ಯಾಕ್ರಿ?"

"ಸೇಡಂ ಕಡಿ ನಮ್ಮ ಮುಧೋಳದಾಗ ತೊಗರಿಗಿ ಹೊಸಾ ಔಷಧ ಹೊಡದ್ರ ಎರಡು ಸಾಲು ಹಂಗೇ ಬಿಡ್ತೀವಿ. ಇಲ್ಲಂದ್ರ ಗುಣ ಔಷಧದ್ದೋ ಹವಾದ್ದೋ ಹ್ಯಾಂಗ ತಿಳೀಬೇಕು? ನೀ ಎರಡೂ ಗಲ್ಲಕ್ಕ ಹಚ್ಚಿ, ಏನೂ ಆಗಿಲ್ಲಂತ ಅಳಾಕತ್ತಿ."

ಹಳೆಯ ಫೋಟೋ ತೆಗೆದು ನೋಡಿದೆ. ನನ್ನದೂ ಅರ್ಧಕ್ಕರ್ಧ ತಿಳಿಯಾಗಿತ್ತು! ಖುಷಿಗೆ ಕಣ್ಣಲ್ಲಿ ನೀರು ಬಂತು. ಇನ್ನು ಯಾರಪ್ಪ ಬಂದರೂ ಈ ಕ್ರೀಮ್ ಬಿಡುವುದಿಲ್ಲ ಎಂದುಕೊಂಡು, "ಎಡಗಲ್ಲ ಈ ಕಡೆ ತರ್ರಿ" ಎಂದು ಟ್ಯೂಬ್ ಹಿಡಿದೆ. ಅತ್ತೆ ಹಿಂದೆ ಸರಿದರು.

"ಅದಕ್ಕ ಕೈ ಹಚ್ಚಬ್ಯಾಡ! ಚಿಂಚೋಳಿಯಿಂದ ನಮ್ಮ ತಂಗಿ ಭಾಳ ವರ್ಷದ ಮ್ಯಾಲ ಬರಾಕತ್ತಾಳ, ನನ್ನ ಬಂಗು ಆಕಿ ನೋಡೇ ಇಲ್ಲ. ಬಿಟ್ಟ ಸಾಲು ನೋಡಲಾರದ ಆಕಿ ಕ್ರೀಮಿನ ಗುಣ ನಂಬೂದಿಲ್ಲ."

ತಂಗಿ ಬಂದರು. ಅತ್ತೆ ಹೆಮ್ಮೆಯಿಂದ ಮುಖವನ್ನು ಬೆಳಕಿಗೆ ಹಿಡಿದರು. ತಂಗಿ ಬಲಗಲ್ಲ ನೋಡಿದರು, ಎಡಗಲ್ಲ ನೋಡಿದರು, ಬಾಯಿಗೆ ಸೆರಗು ಒತ್ತಿಕೊಂಡರು.

"ಅಯ್ಯ ಅಕ್ಕಾ! ಚೆಂದ ಇದ್ದ ಎಡಗಲ್ಲಕ್ಕ ಏನು ಹಚ್ಚಿ ಹಿಂಗ ಕೆಡಿಸ್ಕೊಂಡಿ?"

ಅತ್ತೆ ನನ್ನ ಕಡೆ ಕೈ ಚಾಚಿದರು. "ತಾ ಆ ಟ್ಯೂಬು."