ಟಿ.ಸಿ. ಶೃತಿಯ ಷರಾ

2004ರ ಜನವರಿಯಲ್ಲಿ ಪದ್ಮನಾಭನಗರದ ಶ್ರೀ ಜ್ಞಾನಭೈರವ ವಿದ್ಯಾಸಂಸ್ಥೆಗಳ ಸಮೂಹವು ತನ್ನ ಹಳೆಯ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆಯನ್ನು ಸಕಲ ಗೌರವಗಳೊಂದಿಗೆ ನಿವೃತ್ತಿಗೊಳಿಸಿತು. ಮಾನಿಟರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ಕೀಬೋರ್ಡಿನ ಮೇಲೆ ಇಡಲಾಯಿತು. ಪಾಪ, ಅದಕ್ಕೆ ವಯಸ್ಸಾಗಿತ್ತು. ಎರಡು ಸಾವಿರದ ಇಸವಿ ಬಂದದ್ದನ್ನು ಕೊನೆಯವರೆಗೂ ಒಪ್ಪಲಿಲ್ಲ. ಹೊಸದಾಗಿ ಸೇರಿದ ಮಕ್ಕಳೆಲ್ಲ 1900ರಲ್ಲಿ ಸೇರಿದವರೆಂದು ಹಟ ಹಿಡಿದು, ಇಷ್ಟು ವರ್ಷವಾದರೂ ಯಾಕೆ ಪಾಸಾಗಿಲ್ಲ ಎಂದು ಅವರ ಮನೆಗಳಿಗೆ ನೋಟಿಸು ಕಳಿಸುತ್ತಿತ್ತು.

ಹೊಸ ವ್ಯವಸ್ಥೆಯ ಅಳವಡಿಕೆ ಸಮಿತಿಗೆ ಕಚೇರಿ ಅಧೀಕ್ಷಕನಾದ ನಾನೇ ಅಧ್ಯಕ್ಷ. ಬನಶಂಕರಿಯಿಂದ ಕನಕಪುರ ರಸ್ತೆಯ ಕೊನೆಯವರೆಗೆ ನನ್ನಷ್ಟು ಕಂಪ್ಯೂಟರ್ ಬಲ್ಲವರು ಇನ್ನೊಬ್ಬರಿರಲಿಲ್ಲ. ಬೇರೆಯವರು ಮೌಸನ್ನು ಒಂದು ಕೈಯಲ್ಲಿ ಹಿಡಿದರೆ ನಾನು ಎರಡು ಕೈಯಲ್ಲಿ ಹಿಡಿಯುತ್ತಿದ್ದೆ.

ಹೊಸ ಸಾಫ್ಟ್‌ವೇರಿನಲ್ಲಿ ಹೆಸರಿಗೆ ಜಾಗವಿತ್ತು, ಅಡ್ಡಹೆಸರಿಗೂ ಇತ್ತು. ಇನಿಷಿಯಲ್ಲಿಗೆ ಇರಲಿಲ್ಲ. ನಮ್ಮ ಕಡೆಯ ಮಕ್ಕಳಿಗೋ ಇರುವುದೇ ಇನಿಷಿಯಲ್ಲು. ಆದ್ದರಿಂದ ಅದನ್ನು ಪಕ್ಕದ ಷರಾ ಕಾಲಂನಲ್ಲಿ, ಅಂದರೆ ಯಾರು ಫೀಸು ಕಟ್ಟಿದರು, ಯಾರು ಬಿಟ್ಟು ಹೋದರು ಎಂದು ಬರೆಯುವಲ್ಲಿ, ತುಂಬತಕ್ಕದ್ದೆಂದು ಸಮಿತಿ ಸರ್ವಾನುಮತದಿಂದ ನಿರ್ಣಯಿಸಿತು. ಷರಾಕ್ಕೆ ಸೇರಿಸಬಹುದು, ಅಳಿಸುವಂತಿಲ್ಲ. ಇದು ಸಾಫ್ಟ್‌ವೇರಿನ ಭದ್ರತಾ ಸೌಲಭ್ಯ.

ಸುಧಾರಣೆ ತಕ್ಷಣ ಕಂಡುಬಂತು. ಡಿ.ಡಿ. ಲಿಖಿತ್ ಫೀಸಿಗೆ ಡಿ.ಡಿ. ಕೊಟ್ಟಾಗಿದೆ ಎಂದು ವ್ಯವಸ್ಥೆ ಘೋಷಿಸಿತು. ಪಿ.ಟಿ. ಪ್ರಿಯಾಂಕಾ ವ್ಯಾಯಾಮದ ಮೇಡಂ ಆಗಿ ನೇಮಕಗೊಂಡು, ಮರುದಿನವೇ ಪ್ರಿನ್ಸಿಪಾಲರನ್ನು ಮೈದಾನದ ಸುತ್ತ ಓಡಿಸಿದಳು. ಅವರ ಸಕ್ಕರೆ ಕಾಯಿಲೆ ಹತೋಟಿಗೆ ಬಂತು.

ತೊಂದರೆಯಾದದ್ದು ಕೊನೆಯ ವರ್ಷದ ಬಿ.ಕಾಂ.ನ ಟಿ.ಸಿ. ಶೃತಿಗೆ. ಅವಳು ಟಿ.ಸಿ. ಪಡೆದು ಕಾಲೇಜು ಬಿಟ್ಟವಳೆಂದು ದಾಖಲಾಗಿ, ಹಾಲ್ ಟಿಕೆಟ್ಟೇ ಬರಲಿಲ್ಲ. ಪರೀಕ್ಷೆ ಮುಂದಿನ ವಾರ. ತಪ್ಪಿದರೆ ಓದಿದ್ದೆಲ್ಲ ನೀರಿಗೆ ಹೋಯಿತು. ಅವಳ ತಂದೆ, ಹೊಲವಿದ್ದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದ ಚಿಕ್ಕಬೈರಪ್ಪ, ಮಗಳನ್ನು ಕರೆದುಕೊಂಡೇ ಬಂದ.

"ಸಾರ್, ಟಿ ಅಂದ್ರೆ ತಲಘಟ್ಟಪುರ. ಸಿ ಅಂದ್ರೆ ಚಿಕ್ಕಬೈರಪ್ಪ. ನಾನೇ ಸಾರ್, ಸಿ."

"ಅದು ನಿಮ್ಮ ವೈಯಕ್ತಿಕ ಅಭಿಪ್ರಾಯ," ಎಂದೆ.

"ಮಗಳು ಇಲ್ಲೇ ನಿಂತವ್ಳಲ್ಲ ಸಾರ್."

"ನಿಂತಿರೋದು ನಮ್ಮ ಹಳೆ ವಿದ್ಯಾರ್ಥಿನಿ. ವಾರ್ಷಿಕೋತ್ಸವಕ್ಕೆ ಕರೀತೀವಿ."

ಹುಡುಗಿ ಬುದ್ಧಿವಂತೆ. ಹಾಗಾದರೆ ಇವತ್ತೇ ಮತ್ತೆ ಸೇರಿಸಿಕೊಳ್ಳಿ ಎಂದಳು. ಸೇರಲು ಟಿ.ಸಿ. ತರಬೇಕು ಎಂದೆ. ನನ್ನ ಹತ್ತಿರ ಇಲ್ಲ ಎಂದಳು. ಕೊಟ್ಟಾಗಿದೆ ಎಂದು ಷರಾ ಇದೆಯಲ್ಲ, ಕಳೆದುಕೊಂಡಿರಬೇಕು, ಪೊಲೀಸರಿಗೆ ದೂರು ಕೊಡಮ್ಮ ಎಂದು ಹಿತವಚನ ಹೇಳಿದೆ. ಅವಳ ಕಣ್ಣು ತುಂಬಿಕೊಂಡಿತು. ನಮ್ಮ ಗುಮಾಸ್ತ, ಬಾಗಲಕೋಟೆ ಕಡೆಯ ಸಿದ್ದಾರೂಢ, ಅದನ್ನು ನೋಡಲಾರದೆ ಎದ್ದು ಬಂದ.

"ಸರ, ಅಳಿಸಾಕ ಬರೂದಿಲ್ಲ, ಖರೆ. ಮುಂದ ಸೇರಿಸಾಕ ಬರ್ತೈತಲ್ರಿ? ಟಿ.ಸಿ. ಆದಮ್ಯಾಲೆ ರದ್ದು ಅಂತ ಸೇರಸ್ರಿ."

ಷರಾದಲ್ಲಿ ಇರುವುದು ಹೆಸರಿನ ಭಾಗ, ಆದ್ದರಿಂದ ಸೇರಿಸುವುದೂ ಹೆಸರೇ ಆಗಿರತಕ್ಕದ್ದು ಎಂದು ನಾನು ನಿಯಮ ತೋರಿಸಿದೆ.

"ಆಗಲ್ರಿ, ಅಡ್ಡಹೆಸರು ಅಂತ ಇಡ್ರಿ. ನಮ್ಮ ಕಡೆ ಮೆಣಸಿನಕಾಯಿ ಅದಾರ, ಉಳ್ಳಾಗಡ್ಡಿ ಅದಾರ. ರದ್ದು ಅಂತ ಇದ್ರ ಏನಾತ್ರಿ?"

ಚಿಕ್ಕಬೈರಪ್ಪ ಮಗಳ ಮುಖ ನೋಡಿದ. "ಅಪ್ಪ, ಏನಾದ್ರೂ ಇಡ್ಲಿ, ನಾನು ಪರೀಕ್ಷೆ ಬರೀಬೇಕು," ಎಂದಳು ಶೃತಿ.

ನೋಟರಿ ಮುಂದೆ ಅಫಿಡವಿಟ್ ಆಯಿತು. ನೋಟಿಸ್ ಬೋರ್ಡಿಗೆ ಪ್ರಕಟಣೆ ಬಿತ್ತು: "ಟಿ.ಸಿ. ರದ್ದು ಶೃತಿ ಎಂಬ ವಿದ್ಯಾರ್ಥಿನಿಯು ವಿದ್ಯಾರ್ಥಿನಿಯೇ ಆಗಿರುತ್ತಾಳೆ." ಹಾಲ್ ಟಿಕೆಟ್ ಬಂತು. ಹುಡುಗಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಘಟಿಕೋತ್ಸವದಲ್ಲಿ "ಬಿ.ಕಾಂ. ಪದವಿ, ರದ್ದು ಶೃತಿ" ಎಂದು ಮೈಕಿನಲ್ಲಿ ಕೂಗಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಮಗಳೊಬ್ಬಳಿಗೇ ಬೇರೆ ಹೆಸರಿದ್ದರೆ ಹೆಣ್ಣು ನೋಡಲು ಬಂದವರು ಏನೆಂದುಕೊಳ್ಳುತ್ತಾರೋ ಎಂದು ಹೆಂಡತಿ ಸೊಣ್ಣಮ್ಮ ಹೇಳಿದ್ದರಿಂದ ಚಿಕ್ಕಬೈರಪ್ಪನೂ ಅದನ್ನೇ ಇಟ್ಟುಕೊಂಡ. ಗೇಟಿಗೆ "ರದ್ದು ಚಿಕ್ಕಬೈರಪ್ಪ" ಎಂಬ ಕಲ್ಲಿನ ಫಲಕವೂ ಬಂತು. ಮೊನ್ನೆ ಬಾಡಿಗೆಗೆ ಮನೆ ಕೇಳಲು ಬಂದ ದುಂಡವ್ವ ಎಂಬಾಕೆ ಫಲಕ ಓದಿ ಹಿಗ್ಗಿದಳಂತೆ.

"ನಮ್ಮ ಕಡೆಯವರ ಅನ್ರಿ ಹಂಗಾರ. ಯಾವೂರ ರದ್ದು ಅವರ್ರೀ ನೀವು?"

"ತಲಘಟ್ಟಪುರದ ರದ್ದು," ಎಂದನಂತೆ ಚಿಕ್ಕಬೈರಪ್ಪ. "ಹಳೇ ಮನೆತನ."