ಮೂರು ಹನಿ ಶಾಂತಿ

ಹೆಂಡತಿ: ಆ ಮುಚ್ಚಳ ತೆಗೆದ್ರೋ, ನಾನು ಈ ಮನೇಲಿ ಇರಲ್ಲ. ಹೇಳಿದೀನಿ!

ಗಂಡ: ತೆಗೆದಾಯ್ತಲ್ಲ ಕಣೇ.

ಹೆಂಡತಿ: ಹಾಗಾದ್ರೆ ಮುಚ್ಚಿ!

ಗಂಡ: ಮುಚ್ಚಿದ್ರೆ ಒಳಗಿರೋ ಶಾಂತಿ ಹೊರಗೆ ಹೇಗೆ ಬರುತ್ತೆ? ಅಲ್ಲ, ಮನೇಲಿ ಇರಲ್ಲ ಅಂದ್ರೆ ಎಲ್ಲಿಗೆ ಹೋಗ್ತೀಯ? ನಾಳೆ ಹನ್ನೊಂದು ಯೂನಿಫಾರಂ ಕೊಡಬೇಕು ಅಂತಿದ್ದೆ.

ಸಂಜೆ ಐದೂ ಮುಕ್ಕಾಲು. ಮುಂದಿನ ಕೋಣೆಯ ಅರ್ಧ ಭಾಗ ಹೆಂಡತಿಯ ಹೊಲಿಗೆ ಅಂಗಡಿ: ಕಿಟಕಿಯ ಪಕ್ಕ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳು ಹಾಕಿ ನೋಡಿಕೊಳ್ಳಲು ಗೋಡೆಗೊರಗಿಸಿದ ಆಳೆತ್ತರದ ಕನ್ನಡಿ. ಉಳಿದರ್ಧದಲ್ಲಿ, ಹಿತ್ತಿಲ ಕಡೆಯ ಕಿಟಕಿಗೆ ತಾಗಿ ಒಂದು ಮಂಚ, ಅದರ ಮೇಲೆ ಮೂರು ದಿಂಬು. ಗಂಡ ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಮುದ್ರೆ ಹೊಡೆಯುವವನು. ಕೆಲಸದಿಂದ ಬಂದವನು ಚಪ್ಪಲಿ ಕೂಡ ಬಿಡದೆ, ಪರಿಮಳದ ಹಬೆ ಬಿಡುವ, ಮಡಕೆಯಂಥ ಒಂದು ಪುಟ್ಟ ಯಂತ್ರವನ್ನು ಮೇಜಿನ ಮೇಲಿಟ್ಟು, ಬೆರಳುದ್ದದ ಸೀಸೆಯೊಂದನ್ನು ಅದರ ಬಾಯಿಗೆ ಹಿಡಿದಿದ್ದಾನೆ. ಅದೇ ಮೇಜಿನ ಕೆಳಗೆ, ಇಳಿಬಿದ್ದ ನೀಲಿ ಬಟ್ಟೆಯ ಹಿಂದೆ, ಅವರ ಎಂಟು ವರ್ಷದ ಮಗಳು ಅವಿತು ಕೂತಿದ್ದಾಳೆ.

ಹುಟ್ಟಿದಾಗಿನಿಂದ ಅವಳ ಶ್ವಾಸಕೋಶಕ್ಕೆ ಕಾಯಿಲೆ. ಎದೆಯಲ್ಲಿ ಕಫ ಕಟ್ಟಿಕೊಳ್ಳುತ್ತದೆ. ಉಸಿರೆಳೆದಾಗಲೆಲ್ಲ ಒಳಗೆ ಕುಯ್ ಕುಯ್ ಅನ್ನುವುದರಿಂದ ತನಗೆ ‘ಪಿಟೀಲು’ ಎಂದು ತಾನೇ ಹೆಸರಿಟ್ಟುಕೊಂಡಿದ್ದಾಳೆ. ದಿನಾ ಸಂಜೆ ಆರಕ್ಕೆ ಆಸ್ಪತ್ರೆಯಿಂದ ಒಬ್ಬಾಕೆ ಬಂದು, ಅವಳನ್ನು ದಿಂಬುಗಳ ಮೇಲೆ ಬೋರಲು ಮಲಗಿಸಿ, ಬೆನ್ನು ತಟ್ಟಿ ಕಫ ಸಡಿಲಿಸಿ ಹೋಗುತ್ತಾಳೆ. ಆಕೆಗೆ ಪಿಟೀಲು ಇಟ್ಟ ಹೆಸರು ತಟ್ಟಕ್ಕ. ಮೊದಲೆಲ್ಲ ನಗುನಗುತ್ತಾ ಮಲಗುತ್ತಿದ್ದ ಹುಡುಗಿ, ಹೋದ ತಿಂಗಳು ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಬಂದಮೇಲೆ, ಆರು ಗಂಟೆ ಹತ್ತಿರವಾದರೆ ಸಾಕು, ಮೇಜಿನ ಕೆಳಗೆ. ಎಳೆದರೆ ಕಿರುಚಾಟ. ಕಿರುಚಿದರೆ ಏದುಸಿರು. ತಟ್ಟದೆ ಬಿಟ್ಟರೆ ಮತ್ತೆ ಆಸ್ಪತ್ರೆ.

ಹೆಂಡತಿ: (ಯಂತ್ರ ತುಳಿಯುತ್ತಲೇ) ಅದೇನು ಎಣ್ಣೆ ಅಂದ್ರಿ?

ಗಂಡ: ಲ್ಯಾವೆಂಡರ್.

ಹೆಂಡತಿ: ಹೆಂಡ್ರಾ? ಎಷ್ಟು ಜನ?

ಗಂಡ: ಹೆಂಡ್ರಲ್ಲ ಕಣೇ, ವೆಂಡರ್! ಲ್ಯಾ-ವೆಂ-ಡರ್! ಒಂದು ಥರದ ಹೂವು. ಅದರ ವಾಸನೆ ಮೂಗಿಗೆ ಬಿದ್ರೆ ಎಂಥವರ ಮನಸ್ಸೂ ತಿಳಿನೀರಿನ ಹಾಗಾಗುತ್ತಂತೆ. ಮಗು ಹೆದರಿಕೆ ಬಿಟ್ಟು ತಾನಾಗೇ ಹೊರಗೆ ಬರುತ್ತೆ.

ಹೆಂಡತಿ: ಯಾರಂದಿದ್ದು?

ಗಂಡ: ಅಂಗಡಿಯವನು.

ಹೆಂಡತಿ: ಮಾರೋನು ತನ್ನ ಮಾಲನ್ನ ಹುಳುಕು ಅಂತಾನಾ?

ಗಂಡ: ಹಾಗನ್ನಬೇಡ. ಬಹಳ ವಿಚಾರಿಸಿ ಕೊಟ್ಟ, ಪಾಪ. “ಶಾಂತಿ ಯಾರಿಗೆ ಬೇಕಿತ್ತು ಸಾರ್?” ಅಂದ. “ಮನೇಲಿ” ಅಂದೆ. “ತುಂಬಾ ಕಿರುಚಾಡ್ತಾರಾ?” ಅಂದ. “ದಿನಾ ಸಂಜೆ ಆರಕ್ಕೆ” ಅಂದೆ. “ಸಮಾಧಾನ ಮಾಡೋಕೆ ಹೋದ್ರೆ?” ಅಂದ. “ಕಚ್ಚೋಕೆ ಬರ್ತಾಳೆ” ಅಂದೆ. ಅವನ ಮುಖ ಸಣ್ಣದಾಗೋಯ್ತು. ನನ್ನ ಕೈ ಹಿಡ್ಕೊಂಡು, “ಮದುವೆಯಾಗಿ ಎಷ್ಟು ವರ್ಷ ಸಾರ್?” ಅಂದ.

ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

ಹೆಂಡತಿ: ಮದುವೆ ವಿಚಾರ ಯಾಕೆ ಬಂತು?

ಗಂಡ: ಅದೇ ನನಗೂ ತಿಳೀಲಿಲ್ಲ. ಹನ್ನೆರಡು ವರ್ಷ ಅಂದೆ. “ಹಾಗಾದ್ರೆ ನಿಮಗೆ ನೀರು ಬೆರೆಸಿದ್ದು ಸಾಲದು, ಅಪ್ಪಟ ಗಟ್ಟಿ ಎಣ್ಣೇನೇ ಕೊಡ್ತೀನಿ” ಅಂತ ಒಳಗಿಂದ ತಂದ.

ಹೆಂಡತಿ: ನನಗೆ ಅಂತ ತಿಳ್ಕೊಂಡು ಕೊಟ್ಟಿದಾನೆ ರೀ ಅವನು! ಹೆಂಡತಿಗೆ ಹಾಕೋ ಡೋಸನ್ನ ಮಗೂಗೆ ಹಾಕೋಕೆ ಹೊರಟಿದೀರಲ್ಲ!

ಗಂಡ: ಶಾಂತೀಲಿ ಚಿಕ್ಕೋರ್ದು ದೊಡ್ಡೋರ್ದು ಅಂತ ಅಳತೆ ಇರುತ್ತಾ? ಮೂರೇ ಹನಿ.

ಹೆಂಡತಿ: ಎದುರು ಮನೆಗೆ ಬಣ್ಣ ಹೊಡೆದಾಗ ಏನಾಯ್ತು, ಮರೆತುಬಿಟ್ರಾ? ಕಿಟಕಿ ಮುಚ್ಚಿದ್ರೂ ವಾಸನೆ ಒಳಗೆ ಬಂದು, ಎದೆ ಬಿಗಿದು, ತುಟಿ ನೀಲಿಯಾಗಿ...

ಗಂಡ: (ಮೆಲ್ಲಗೆ) ಮರೆತಿಲ್ಲ. ಆದ್ರೆ ಅದು ಬಣ್ಣ, ಇದು ಹೂವು.

ಹೆಂಡತಿ: ಅದು ಎದೆಗೆ ಗೊತ್ತಾಗುತ್ತಾ?

ಗಂಡ: ನಾನೇನು ಅಷ್ಟು ದಡ್ಡನಾ? ಬೆಳಿಗ್ಗೆನೇ ತಟ್ಟಕ್ಕನಿಗೆ ಫೋನ್ ಮಾಡಿ ಒಪ್ಪಿಗೆ ತಗೊಂಡಿದೀನಿ.

ಮೇಜಿನ ಕೆಳಗಿಂದ ನೀಲಿ ಬಟ್ಟೆ ಅಲುಗಿತು.

ಪಿಟೀಲು: ಅಪ್ಪಾ, ಅದನ್ನ ಮೂಗಿಗೆ ಕಟ್ಕೋಬೇಕಾ?

ಗಂಡ: ಕಟ್ಕೊಳ್ಳೋದೇನಿಲ್ಲ ಮಗಳೇ. ಸುಮ್ನೆ ಹಬೆ ಥರ ಬರುತ್ತೆ.

ಪಿಟೀಲು: ಆಸ್ಪತ್ರೆಯವರೂ ಮೊದಲು ಹಾಗೇ ಅಂದ್ರು. ಆಮೇಲೆ ಕಟ್ಟಿದ್ರು.

ಗಂಡ: ಇದು ಔಷಧಿ ಅಲ್ಲ ಪುಟ್ಟಾ, ಬರೀ ಪರಿಮಳ.

ಪಿಟೀಲು: ಔಷಧಿ ಅಲ್ಲ ಅಂದ್ಮೇಲೆ ನನಗ್ಯಾಕೆ?

ಹೆಂಡತಿ: ಹೇಳಿ ಈಗ! ಸೊಪ್ಪು ಹಾಕ್ಬೇಕಾದ್ರೆ ಮಗಳ ಮಾತಿಗೆ ಹಾಕಿ, ಅಂಗಡಿಯವನ ಮಾತಿಗಲ್ಲ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ತಟ್ಟಕ್ಕ ಬಾಗಿಲನ್ನೂ ಬೆನ್ನು ತಟ್ಟಿದ ಹಾಗೆಯೇ, ಅಂಗೈಯನ್ನು ಬಟ್ಟಲು ಮಾಡಿಕೊಂಡು ತಟ್ಟುತ್ತಾಳೆ. ಒಳಗೆ ಕಾಲಿಟ್ಟವಳೇ ಮೂಗರಳಿಸಿದಳು.

ತಟ್ಟಕ್ಕ: ಏನಿದು, ಮೆಟ್ಟಿಲ ತನಕ ಕ್ಷೌರದಂಗಡಿ ಘಾಟು?

ಗಂಡ: ಶಾಂತಿ ಮೇಡಂ. ನೀವೇ ಬೆಳಿಗ್ಗೆ ಒಪ್ಪಿದ್ರಲ್ಲ.

ತಟ್ಟಕ್ಕ: ನಾನಾ? ನೀವು ಕೇಳಿದ್ದೇನು? “ಮಗೂಗೆ ಹೂವಿನ ಎಣ್ಣೆ ಹಾಕಬಹುದಾ” ಅಂತ.

ಗಂಡ: ಹೌದು.

ತಟ್ಟಕ್ಕ: ನಾನು ಹಚ್ಚೋ ಎಣ್ಣೆ ಅಂದ್ಕೊಂಡು, “ಬೆನ್ನಿಗೆ ಮಾತ್ರ ಬೇಡ, ತಟ್ಟೋವಾಗ ಕೈ ಜಾರುತ್ತೆ” ಅಂದೆ.

ಗಂಡ: ಬೆನ್ನಿಗೆ ಬೇಡ ಅಂದ್ರೆ ಗಾಳಿಗೆ ಪರವಾಗಿಲ್ಲ ಅಂತ ತಾನೇ?

ತಟ್ಟಕ್ಕ: ಸಾರ್, ಬಾವಿಗೆ ಬೀಳಬೇಡಿ ಅಂದ್ರೆ ಕೆರೆಗೆ ಬೀಳಿ ಅಂತ ಅರ್ಥ ಮಾಡ್ಕೋತೀರಲ್ಲ!

ಹೆಂಡತಿ: ಹನ್ನೆರಡು ವರ್ಷದಿಂದ ನಾನು ದಡದಲ್ಲಿ ನಿಂತಿದೀನಿ ಮೇಡಂ, ಮೇಲೆತ್ತೋಕೆ.

ತಟ್ಟಕ್ಕ: ನೋಡಿ, ಒಳ್ಳೇ ವಾಸನೆಯಿಂದ ಕೆಲವರಿಗೆ ಮನಸ್ಸು ಹಗುರ ಆಗಬಹುದು, ಇಲ್ಲ ಅನ್ನಲ್ಲ. ಆದ್ರೆ ಇಂಥ ಎದೆಗೆ ಘಾಟು ಬಡಿದ್ರೆ ಉಸಿರಿನ ದಾರೀನೇ ಬಿಗಿದುಕೊಳ್ಳಬಹುದು. ದೊಡ್ಡ ಡಾಕ್ಟ್ರನ್ನ ಕೇಳದೆ ಒಂದು ಹನೀನೂ ಬೇಡ. ಅಮ್ಮಾ, ಕಿಟಕಿ ಎಲ್ಲಾ ತೆಗೀರಿ. ಸಾರ್, ನೀವು ಅದನ್ನ ಹೊರಗೆ ಸಾಗಿಸಿ.

ಅವಳ ಮಾತು ಮುಗಿಯುವ ಮೊದಲೇ ಗಂಡ, ಮುಚ್ಚಳ ಹುಡುಕುವಷ್ಟು ವ್ಯವಧಾನವೂ ಇಲ್ಲದೆ, ತೆರೆದ ಸೀಸೆಯನ್ನು ಹಿಡಿದು ಹಿತ್ತಿಲಿಗೆ ಓಡಿದ. ಹೊಸ್ತಿಲು ಎಡವಿದ. ಮೂರು ಹನಿ ಸಾಕಾಗುವ ಅಪ್ಪಟ ಗಟ್ಟಿ ಎಣ್ಣೆ, ಇದ್ದಷ್ಟೂ, ಅವನ ಅಂಗಿಯ ಎದೆ ಮೇಲೆ, ಗಲ್ಲದ ಮೇಲೆ, ಮೀಸೆಯ ಮೇಲೆ.

ಹೆಂಡತಿ: (ಕಿಟಕಿಯಿಂದ ಇಣುಕಿ) ರೀ! ಏನಾಯ್ತು?

ಗಂಡ: (ಹಿತ್ತಿಲಿಂದ) ಏನೂ ಇಲ್ಲ! ನಾನು ಶಾಂ... ಆಆ... ಆಕ್ಷೀ!

ತಟ್ಟಕ್ಕ: ಮುಖ ತೊಳ್ಕೊಳ್ಳಿ ಸಾರ್!

ಗಂಡ: ಗಾಬರಿ ಬೇಡ! ನಾನು ಶಾಂತವಾಗೇ... ಆಕ್ಷೀ! ಶಾಂತ... ಆಕ್ಷೀ! ಶಾಂ... ಆಕ್ಷೀ! ಆಕ್ಷೀ!

ಮೇಜಿನ ಕೆಳಗಿಂದ ಕಿಸಕ್ಕನೆ ನಗು.

ಪಿಟೀಲು: ಐದು!

ಗಂಡ: ಮಗಳೇ, ಎಣಿಸ್... ಆಕ್ಷೀ!

ಪಿಟೀಲು: ಆರು! ಅಮ್ಮಾ, ಅಪ್ಪಂಗೆ ಶಾಂತಿ ಜಾಸ್ತಿ ಆಯ್ತು!

ನೀಲಿ ಬಟ್ಟೆ ಸರಿಸಿ ಅವಳು ಹೊರಗೆ ಬಂದೇಬಿಟ್ಟಳು. ಮಂಚ ಹತ್ತಿ ಕಿಟಕಿಯಿಂದ ನೋಡಿದಳು. ಹಿತ್ತಿಲಲ್ಲಿ ಅಪ್ಪ ಒಂದು ಕೈಯಲ್ಲಿ ನಲ್ಲಿ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಅಂಗಿ ಕಳಚುತ್ತಾ, ಪ್ರತಿ ಸೀನಿಗೂ ಒಂದೊಂದು ಹೆಜ್ಜೆ ಹಿಂದಕ್ಕೆ ಹಾರುತ್ತಿದ್ದ. ಹನ್ನೊಂದನೆಯ ಸೀನಿಗೆ ನೀರು ತುಂಬಿದ ಬಕೆಟ್ಟಿನೊಳಗೆ ಕೂತೇಬಿಟ್ಟ. ಪಿಟೀಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ಆಳಕ್ಕಿಳಿಯಿತು. ತಟ್ಟಕ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ಬಟ್ಟಲು ಹಿಡಿದು, ಅವಳನ್ನು ಮುಂದಕ್ಕೆ ಬಾಗಿಸಿ ಬೆನ್ನಿಗೆ ಕೈಯಿಟ್ಟಳು.

ತಟ್ಟಕ್ಕ: ಹಾಂ, ಹಾಗೇ... ಉಗಿ... ಇನ್ನೊಂದ್ಸಲ... ಶಭಾಷ್! ನೋಡಿದ್ರಾ ಅಮ್ಮಾ? ಮೂರು ವಾರದಿಂದ ಗುದ್ದಾಡಿದ್ರೂ ಇಷ್ಟು ಬಂದಿರಲಿಲ್ಲ.

ಹೆಂಡತಿ: (ಬಟ್ಟಲು ನೋಡಿ, ಕಣ್ಣೊರೆಸಿಕೊಂಡು) ಬಣ್ಣ ಹೇಗಿದೆ ಮೇಡಂ?

ತಟ್ಟಕ್ಕ: ಬಿಳೀನೇ. ಹೆದರೋ ಹಾಗಿಲ್ಲ. ಉಸಿರೂ ಸಲೀಸಾಗಿದೆ.

ಪಿಟೀಲು ದಿಂಬಿಗೊರಗಿ ಕೂತಳು. ಕುಯ್ ಕುಯ್ ಸದ್ದು ಒಂದು ಶ್ರುತಿ ಕೆಳಗಿಳಿದಿತ್ತು.

ತಟ್ಟಕ್ಕ: ಈಗ ನಿಜ ಹೇಳು. ಯಾಕೆ ದಿನಾ ಅವಿತ್ಕೋತೀಯ? ನಾನು ತಟ್ಟೋದು ನೋಯುತ್ತಾ?

ಪಿಟೀಲು: ಇಲ್ಲಕ್ಕ. ನೀನು ತಟ್ಟಿದ್ರೆ ನಿದ್ದೆ ಬರುತ್ತೆ.

ತಟ್ಟಕ್ಕ: ಮತ್ತೆ?

ಪಿಟೀಲು: ಬೋರಲು ಮಲಗಿದ್ರೆ ಆ ಕನ್ನಡಿ ಕಾಣುತ್ತೆ. ಕನ್ನಡೀಲಿ ಬಾಗಿಲ ಸಂದು ಕಾಣುತ್ತೆ. ಬಾಗಿಲ ಸಂದೀಲಿ ಅಪ್ಪ ಟವೆಲ್‌ನ ಬಾಯಿಗೆ ತುರುಕ್ಕೊಂಡು ಅಳ್ತಿರ್ತಾನೆ.

ಹಿತ್ತಿಲ ಬಾಗಿಲಲ್ಲಿ, ಬನಿಯನ್ನಿನಲ್ಲಿ, ನೀರು ತೊಟ್ಟಿಕ್ಕಿಸುತ್ತಾ ಗಂಡ ನಿಂತಿದ್ದ.

ಪಿಟೀಲು: ದೊಡ್ಡೋರು ಅಳ್ತಿದ್ರೆ ಏನೋ ದೊಡ್ಡದೇ ಆಗಿದೆ ಅಂತ ತಾನೇ? ನನಗೆ ಮಾತ್ರ ಹೇಳ್ತಿಲ್ಲ ಅಂದ್ಕೊಂಡೆ. ಅದಕ್ಕೇ ಭಯ ಆಗೋದು.

ಗಂಡ: ಅಳ್ತಿರಲಿಲ್ಲ ಪುಟ್ಟಾ. ಬೆವರು ಒರೆಸ್ಕೋತಿದ್ದೆ.

ಪಿಟೀಲು: ಕಣ್ಣಿಂದ ಬೆವರುತ್ತಾ ಅಪ್ಪಾ?

ಗಂಡ ಅಲ್ಲೇ ನೆಲದ ಮೇಲೆ ಕುಳಿತ.

ಗಂಡ: ಒಂದೊಂದು ಏಟೂ ನನ್ನ ಎದೆಗೇ ಬಿದ್ದ ಹಾಗಾಗುತ್ತೆ ಮಗಳೇ. ಆಸ್ಪತ್ರೇಲಿ ನಿನ್ನ ನೋಡಿದಾಗಿಂದ... ಒಳಗೆ ಬಂದು ನಿಲ್ಲೋಕಾಗಲ್ಲ, ಬಿಟ್ಟು ಹೋಗೋಕೂ ಆಗಲ್ಲ.

ಹೆಂಡತಿ: ನನಗೊಂದು ಮಾತು ಹೇಳಬಾರದಿತ್ತೇನ್ರೀ?

ಗಂಡ: ನೀನು ಆಗ ಯಂತ್ರ ತುಳೀತಿದ್ದೆ. ಜೋರಾಗಿ ತುಳೀತಿದ್ದೆ.

ಹೆಂಡತಿ ಕೈಯಲ್ಲಿದ್ದ ದಾರದುಂಡೆಯನ್ನು ಸುಮ್ಮನೆ ಸುತ್ತತೊಡಗಿದಳು. ದಿನಾ ಆರು ಗಂಟೆಗೆ ಸರಿಯಾಗಿ ತಾನು ಯಂತ್ರಕ್ಕೆ ಕೂರುವುದು ಆ ತಟ್ಟುವ ಸದ್ದು ಕೇಳಿಸದಿರಲಿ ಎಂದೇ ಎಂಬುದನ್ನು ಅವಳೂ ಯಾರಿಗೂ ಹೇಳಿರಲಿಲ್ಲ.

ತಟ್ಟಕ್ಕ: ಬಾ ಇಲ್ಲಿ ಪಿಟೀಲು, ನನ್ನ ಮುಖ ನೋಡು. ದೊಡ್ಡದೇನೂ ಆಗಿಲ್ಲ. ಕಾಯಿಲೆ ಹಳೇದೇ. ದಿನಾ ಕಫ ತೆಗೆದ್ರೆ ಓಡಾಡ್ಕೊಂಡು ಇರ್ತೀಯ. ಏನಾದ್ರೂ ಹೊಸದು ಆದ್ರೆ ನಿನ್ನಿಂದ ಮುಚ್ಚಿಡಲ್ಲ. ಸರೀನಾ?

ಪಿಟೀಲು: ಅಪ್ಪಂಗಿಂತ ಮೊದಲು ನನಗೆ ಹೇಳ್ಬೇಕು. ಅವನಿಗೆ ನಾನೇ ನಿಧಾನಕ್ಕೆ ಹೇಳ್ತೀನಿ.

ತಟ್ಟಕ್ಕ: ಆಯ್ತು. ಸಾರ್, ಏಳಿ. ಬಾಗಿಲ ಸಂದಿ ಸಾಕು. ಸೋಪು ಹಚ್ಚಿ ಇನ್ನೊಂದ್ಸಲ ಮೈ ತೊಳ್ಕೊಂಡು, ಬೇರೆ ಅಂಗಿ ಹಾಕ್ಕೊಂಡು ಬನ್ನಿ. ಇವತ್ತು ತಟ್ಟೋದು ನೀವು.

ಗಂಡ: ನಾನಾ! ನನ್ನ ಕೈಲಾಗಲ್ಲ ಮೇಡಂ!

ಹೆಂಡತಿ: ಆಗುತ್ತೆ ರೀ. ನಡೀರಿ, ನಾನೂ ಪಕ್ಕದಲ್ಲೇ ಇರ್ತೀನಿ.

ಅವನು ತೊಳೆದುಕೊಂಡು ಬಂದ. ಪಿಟೀಲು ದಿಂಬಿನ ಮೇಲೆ ತಾನಾಗೇ ಬೋರಲಾದಳು. ತಟ್ಟಕ್ಕ ಅವನ ಅಂಗೈಯನ್ನು ಬಟ್ಟಲಿನಂತೆ ಮಡಿಸಿ, ಬೆನ್ನಿನ ಮೇಲೆ ಜಾಗ ತೋರಿಸಿದಳು. ಅವನು ಬಿಸಿ ಹಂಚು ಮುಟ್ಟಿದವನ ಹಾಗೆ ಮುಟ್ಟಿ ಕೈ ತೆಗೆದ.

ಪಿಟೀಲು: ಅಪ್ಪಾ, ಕಚಗುಳಿ!

ತಟ್ಟಕ್ಕ: ಸವರೋದಲ್ಲ ಸಾರ್, ತಟ್ಟೋದು. ಒಳಗೆ ಗಾಳಿ ಇರಬೇಕು, ಸದ್ದು ಬರಬೇಕು.

ಹೆಂಡತಿ: ದಿನಕ್ಕೆ ಮೂರು ಸಾವಿರ ಕಾಗದಕ್ಕೆ ಮುದ್ರೆ ಹೊಡೆಯೋ ಕೈ ರೀ ಅದು!

ತಟ್ಟಕ್ಕ: ಅಯ್ಯೋ, ಅಷ್ಟು ಬಿರುಸು ಬೇಡ. ಆ ತಾಳ ಮಾತ್ರ ಇರಲಿ.

ತಾಳ ಎಂದದ್ದೇ ತಡ, ಕೈಗೆ ದಾರಿ ಸಿಕ್ಕಿತು. ಟೊಪ್, ಟೊಪ್, ಟೊಪ್. ಹಗುರವಾಗಿ, ಒಂದೇ ಸಮ, ಹದಿನೆಂಟು ವರ್ಷ ಮುದ್ರೆ ಹೊಡೆದ ಅನುಭವದಲ್ಲಿ. ಅವನ ಭುಜ ಸಡಿಲವಾಯಿತು. ಹೆಂಡತಿ ಕನ್ನಡಿಯ ಮೇಲೆ ಬಟ್ಟೆ ಹೊದಿಸಲು ಎದ್ದಳು.

ಪಿಟೀಲು: ಬೇಡಮ್ಮಾ, ಇರಲಿ. ಈಗ ಅಪ್ಪ ಅಳ್ತಿಲ್ಲ. ನಾಲಿಗೆ ಹೊರಗೆ ಹಾಕ್ಕೊಂಡು ಎಣಿಸ್ತಿದಾನೆ. ಚೆನ್ನಾಗಿದೆ ನೋಡೋಕೆ.

ಹತ್ತು ನಿಮಿಷ ಕಳೆಯಿತು. ತಟ್ಟಕ್ಕ ಚೀಲ ಹೆಗಲಿಗೇರಿಸಿದಳು.

ತಟ್ಟಕ್ಕ: ಸಾಕು ಸಾರ್, ನಿಲ್ಲಿಸಿ.

ಗಂಡ: (ಕಣ್ಣು ಅರೆಮುಚ್ಚಿ) ಇನ್ನೈದೇ ನಿಮಿಷ ಮೇಡಂ. ಎಷ್ಟು ನೆಮ್ಮದಿಯಾಗಿದೆ ಗೊತ್ತಾ?

ಪಿಟೀಲು: ಅಮ್ಮಾ, ಎಳ್ಕೊಂಡು ಹೋಗು ಇವನನ್ನ! ಇದು ನನ್ನ ಬೆನ್ನು, ಆಫೀಸಿನ ಮೇಜಲ್ಲ!