ನಾನು ಬಹುವಚನವಾದದ್ದು

ಇದರಲ್ಲಿ ಅಕ್ಷರ ಅಕ್ಷರವೂ ಸತ್ಯ. ಸುಳ್ಳಾದರೆ ನಾನು ಕಸಿ ಕಟ್ಟಿದ ಮಾವಿನಲ್ಲಿ ಅಮಟೆಕಾಯಿ ಬಿಡಲಿ. ಇಂಥವು ನನಗೇ ಯಾಕೆ ಆಗುತ್ತವೆ ಅಂದರೆ, ನನಗೊಬ್ಬ ಷಡ್ಡಕನಿದ್ದಾನೆ.

ಸಾಗರದ ಗೇಟು

ಷಡ್ಡಕ ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಸಾಗರದಲ್ಲಿ ಮನೆ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವನು. ನಾನು ಕಲಿಸಿದವನಲ್ಲ, ಆದರೆ ನಾನು ಮುಟ್ಟಿದರೆ ಬೇಲಿಗೂಟವೂ ಚಿಗುರುತ್ತದೆ. ಒಮ್ಮೆ ಹೋದಾಗ ಅವನ ಗೇಟಿನ ಮೇಲೆ, ಹೆಸರಿನ ಕೆಳಗೆ ಹೊಸ ಪದ: ಬೊಟಾನಿಕಸ್.

"ಎಂತ ಭಾವ ಇದು, ವೈರಸ್ಸಿನ ತಮ್ಮನಾ?"

"ಲ್ಯಾಟಿನ್ ಮಾರಾಯ. ಸಸ್ಯಪಂಡಿತ ಅಂತ."

ವಾಪಸು ಬರುವಾಗ ದಾರಿಯುದ್ದಕ್ಕೂ ಹೆಂಡತಿಯದು ಒಂದೇ ಮಾತು: "ಅಕ್ಕನ ಮನೆ ಗೇಟು ಎಷ್ಟು ಚಂದ ಅಲ್ದೇನ್ರೀ?"

ಅದೇ ಹಳೇ ಗೇಟು! ತುಕ್ಕು ಸಹ ಹಳೇದೇ!

ಹೊಸನಗರದ ಹೋಳಿಗೆ

ಹೊಸನಗರದ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲಿ, ನಮ್ಮ ತೀರ್ಥಹಳ್ಳಿಯ ಹೂವಿನ ಪ್ರದರ್ಶನದ ಕಾರ್ಯದರ್ಶಿ ಪಕ್ಕಕ್ಕೇ ಕೂತರು. ಅವರಿಗೊಬ್ಬ ತೀರ್ಪುಗಾರ ಬೇಕಿತ್ತು. ಆ ಕುರ್ಚಿಯ ಮೇಲೆ ನನಗೆ ಬಹಳ ಕಾಲದ ಕಣ್ಣು. ಬಾಯಿ ತೆರೆಯುವಷ್ಟರಲ್ಲಿ ಯಾರೋ "ಬೊಟಾನಿಕಸ್ ಬಂದ್ರು" ಅಂದರು. ಕಾರ್ಯದರ್ಶಿ ಎಂಜಲು ಕೈಯಲ್ಲೇ ಎದ್ದು ನಿಂತರು.

"ನೀವೂ ಗಿಡದವರೇ ಅಲ್ದಾ?" ಅಂತ ಆಮೇಲೆ ನನ್ನತ್ತ ತಿರುಗಿದರು. "ಇಬ್ಬರ ಮನೆಗೂ ಬರ್ತೀನಿ. ಗಿಡ ನೋಡಿ ತೀರ್ಮಾನ ಮಾಡುವ."

ಅಷ್ಟರಲ್ಲಿ ನನ್ನ ಎಲೆಗೆ ಬೀಳಬೇಕಾದ ಹೋಳಿಗೆಯೂ ಪಕ್ಕದಲ್ಲಿ ಬಂದು ಕೂತ ಷಡ್ಡಕನ ಎಲೆಗೇ ಬಿದ್ದಿತ್ತು.

ತೀರ್ಥಹಳ್ಳಿಯ ವ್ಯಾಕರಣ

ಮೊಬೈಲಿನಲ್ಲಿ ಹುಡುಕಿದೆ. ಒಬ್ಬನಾದರೆ ಬೊಟಾನಿಕಸ್, ಬಹುವಚನಕ್ಕೆ ಬೊಟಾನಿಕಿ. ಮರ್ಯಾದಸ್ಥರಿಗೆ ನಮ್ಮಲ್ಲಿ ಬಹುವಚನ ತಾನೇ? 'ಬಂದ' ಅಂದರೆ ಷಡ್ಡಕ, 'ಬಂದರು' ಅಂದರೆ ನಾನು! ಹಿತ್ತಾಳೆ ಫಲಕದಲ್ಲೇ ಕೆತ್ತಿಸಿ ಬಾಗಿಲಿಗೆ ಹೊಡೆಸಿದೆ: ಹೆಸರು, ಅದರ ಕೆಳಗೆ 'ಬೊಟಾನಿಕಿ'.

ಕಾರ್ಯದರ್ಶಿ ಬಂದರು, ಜೊತೆಗೆ ಷಡ್ಡಕ. ನಾನು ಎದೆ ಉಬ್ಬಿಸಿ ನನ್ನ ಬಹುವಚನವನ್ನು ವಿವರಿಸಿದೆ. ಷಡ್ಡಕ ಫಲಕ ನೋಡಿದವನೇ ನನ್ನನ್ನು ತಬ್ಬಿಕೊಂಡ.

"ನನ್ನ ಮೇಲೆ ನಿನಗೆ ಇಷ್ಟು ಪ್ರೀತಿ ಅಂತ ಗೊತ್ತೇ ಇರ್ಲಿಲ್ಲ ಮಾರಾಯ!"

"ಎಂತಕ್ಕೆ?"

"ಲ್ಯಾಟಿನ್ನಲ್ಲಿ ಷಷ್ಠೀ ವಿಭಕ್ತಿಯ ಏಕವಚನಕ್ಕೂ ಇದೇ ರೂಪ. ಬೊಟಾನಿಕಿ ಅಂದ್ರೆ 'ಬೊಟಾನಿಕಸನ' ಅಂತ. ನಿನ್ನ ಹೆಸರಿನ ಒಟ್ಟಿಗೆ ಓದಿದ್ರೆ, ನೀನು ನನ್ನ ಸ್ವತ್ತು!"

ಕಾರ್ಯದರ್ಶಿಗೆ ತೀರ್ಮಾನ ಸಲೀಸಾಯಿತು. "ಹಾಗಾದ್ರೆ ತೀರ್ಪು ಇವರು ಕೊಡ್ಲಿ. ನೀವು ಹೇಗೂ ಇವರದ್ದೇ ಅಲ್ದಾ, ಹೂವಿನ ಕುಂಡ ಎತ್ತಿ ಎತ್ತಿ ತೋರಿಸಿ."

ಒಳಗಿಂದ ಹೆಂಡತಿ, "ಬಣ್ಣದಲ್ಲಿ ಬರೆಸಿದ್ರೆ ಅಳಿಸಬಹುದಿತ್ತು" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ಮನಸಾರೆ ನಕ್ಕೆ.

ಇಷ್ಟೆಲ್ಲದರಲ್ಲಿ ಒಂದೇ ಒಂದು ಸಣ್ಣ ಸಂಗತಿ ನಾನು ಕಟ್ಟಿ ಹೇಳಿದ್ದು. ನಾನು ನಗಲಿಲ್ಲ.